ಸ್ಟೀಲ್, ತಾಮ್ರ, ಅಲ್ಯೂಮಿನಿಯಂ: ಮನೆಮಂದಿಯ ನೀರಿನ ಬಾಟಲಿಗಳ ಹೋಲಿಕೆ

ನಮ್ಮ ಮನೆಯಲ್ಲಿ ದಿನವೂ ನೀರಿನ ಬಾಟಲಿ ಹಿಡಿದು ಹೊರಡುವವರು ನಾಲ್ವರು: ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಕೆಲಸಕ್ಕೆ ಹೋಗುವ ನಾವಿಬ್ಬರು. ಮನೆಯಲ್ಲೇ ಇರುವ ಅತ್ತೆಯವರಿಗೆ ರಾತ್ರಿ ಹಾಸಿಗೆಯ ಪಕ್ಕದಲ್ಲಿ ಬಿಸಿನೀರು ಇರಬೇಕು. ಹಳೆಯ ಪ್ಲಾಸ್ಟಿಕ್ ಬಾಟಲಿಗಳನ್ನು ಬದಲಿಸಲು ಹೊರಟಾಗ, ಒಂದೇ ಬಗೆಯ ಐದು ಬಾಟಲಿಗಳನ್ನು ತರುವ ಬದಲು ನಾಲ್ಕು ಬಗೆಯವನ್ನು ತಂದು, ಸರದಿಯಂತೆ ಎಲ್ಲರ ಕೈಗೂ ಕೊಟ್ಟು, ಒಂದೂವರೆ ವರ್ಷ ಬಳಸಿ ನೋಡಿದೆವು. ಒಂದೇ ಪದರದ ಸ್ಟೀಲ್, ಎರಡು ಪದರಗಳ ನಡುವೆ ನಿರ್ವಾತವಿರುವ ಸ್ಟೀಲ್, ಒಳಲೇಪನವಿರುವ ಅಲ್ಯೂಮಿನಿಯಂ ಮತ್ತು ತಾಮ್ರ ಆ ನಾಲ್ಕು ಬಗೆಗಳು. ಕೊಳ್ಳುವ ಮುನ್ನ ನಾವು ಚರ್ಚಿಸಿದ್ದೆಲ್ಲ ಲೋಹದ ವಿಷಯವನ್ನು. ಆದರೆ ಕೊಂಡ ಮೇಲೆ ನಿತ್ಯ ಕಾಡಿದ್ದು ಮುಚ್ಚಳ ಮತ್ತು ವಾಷರ್.

ಅಲ್ಯೂಮಿನಿಯಂ ಬಾಟಲಿ ಮೊದಲು ಹೊರಬಿತ್ತು. ಅದರ ಹಗುರತನಕ್ಕೆ ಸಾಟಿಯಿಲ್ಲ. ಸ್ಟೀಲಿನ ಸಾಂದ್ರತೆ ನೀರಿನ ಸುಮಾರು 8 ಪಟ್ಟಿದ್ದರೆ ಅಲ್ಯೂಮಿನಿಯಂನದು ಕೇವಲ 2.7 ಪಟ್ಟು. ಆದರೆ ಹುಳಿ ಪಾನೀಯಗಳು ಈ ಲೋಹವನ್ನು ಕರಗಿಸುತ್ತವೆಯಾದ್ದರಿಂದ ಒಳಗೆ ಲೇಪನ ಬೇಕೇ ಬೇಕು, ಮತ್ತು ಅಲ್ಲಿಗೆ ನಾವು ಕುಡಿಯುವ ನೀರು ತಾಗುವುದು ಲೋಹಕ್ಕಲ್ಲ, ಲೇಪನಕ್ಕೆ. ಚಿಕ್ಕವನ ಕೈಯಿಂದ ನಾಲ್ಕಾರು ಬಾರಿ ಬಿದ್ದು ಬಾಟಲಿ ನೆಗ್ಗಿತು. ನೆಗ್ಗಿದ ಜಾಗದಲ್ಲಿ ಲೇಪನ ಬಿರುಕು ಬಿಟ್ಟಿದೆಯೇ ಎಂದು ನೋಡೋಣವೆಂದರೆ ಬಾಯಿ ಕಿರಿದು, ಒಳಗೆ ಕತ್ತಲೆ. ಕಾಣದ ಲೇಪನವನ್ನು ನಂಬಿಕೊಂಡು ಮಗುವಿಗೆ ನೀರು ಕೊಡುವುದು ನನ್ನಿಂದಾಗಲಿಲ್ಲ.

ತಾಮ್ರದ ವಿಷಯದಲ್ಲಿ ಮನೆಯೊಳಗೇ ಎರಡು ಪಕ್ಷಗಳಿದ್ದವು. ತಾಮ್ರದ ಮೈಗೆ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಗುಣವಿರುವುದು ನಿಜ. ಆದರೆ ಅದೇ ತಾಮ್ರ ಅತಿಯಾಗಿ ನೀರಿಗಿಳಿದರೆ ಹೊಟ್ಟೆ ತೊಳಸಿ ವಾಂತಿಯಾಗುವುದೂ ಅಷ್ಟೇ ನಿಜ. ವಿಶ್ವ ಆರೋಗ್ಯ ಸಂಸ್ಥೆಯು ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ಹಾಕಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಸಾದಾ ನೀರನ್ನು ರಾತ್ರಿಯಿಟ್ಟು ಬೆಳಿಗ್ಗೆ ಕುಡಿಯುವುದು ಒಂದು ಮಾತು, ನಿಂಬೆಯ ಪಾನಕವನ್ನೋ ಹಣ್ಣಿನ ರಸವನ್ನೋ ಅದರಲ್ಲಿ ತುಂಬಿಸಿ ಮಗುವಿನ ಚೀಲಕ್ಕೆ ಹಾಕುವುದು ಬೇರೆಯೇ ಮಾತು. ಹುಳಿಯಿರುವ ಯಾವುದನ್ನೂ ಬರಿ ತಾಮ್ರದಲ್ಲಿ ಇಡಬಾರದು. ಕಲಾಯಿ ಹಾಕಿದ ಪಾತ್ರೆಯಾದರೆ ಈ ಭಯ ಕಡಿಮೆ, ಆದರೆ ತಾಮ್ರದ ಗುಣಕ್ಕಾಗಿಯೇ ಕೊಳ್ಳುವವರು ಕಲಾಯಿಯಿರುವ ಬಾಟಲಿಯನ್ನು ಏಕೆ ಕೊಂಡಾರು? ಕೆಲವೇ ದಿನ ತೊಳೆಯದೆ ಬಿಟ್ಟರೂ ಒಳಮೈ ಕಪ್ಪಾಗುತ್ತಿತ್ತು, ತೇವ ಉಳಿದ ತಿರುಪಿನ ಎಳೆಗಳಲ್ಲಿ ಹಸಿರು ಕಿಲುಬು ಹಿಡಿಯುತ್ತಿತ್ತು. ನಿಂಬೆ ಮತ್ತು ಉಪ್ಪಿನಿಂದ ಉಜ್ಜಿದರೆ ಅದು ಹೋಗುತ್ತದೆ, ಆದರೆ ಕಿರಿದಾದ ಬಾಯಿಯೊಳಗೆ ಕೈ ಹೋಗುವುದಿಲ್ಲ. ಕೊನೆಗೆ ತಾಮ್ರದ ಬಾಟಲಿ ಮನೆಯಲ್ಲೇ ಉಳಿಯಿತು, ಸಾದಾ ನೀರಿಗೆ ಮಾತ್ರ, ಅದನ್ನು ಉಜ್ಜುವ ತಾಳ್ಮೆಯಿರುವ ಅತ್ತೆಯವರ ಸುಪರ್ದಿನಲ್ಲಿ.

ಇನ್ನು ಸ್ಟೀಲ್. ಎಲ್ಲ ಸ್ಟೀಲೂ ಒಂದೇ ಅಲ್ಲವೆಂಬುದು ನನಗೆ ಮೊದಲೇ ತಿಳಿದಿದ್ದರೂ, ಬಾಟಲಿಯ ತಳದಲ್ಲಿರುವ ಸಂಖ್ಯೆಯನ್ನು ಓದಲು ಕಲಿತದ್ದು ಈಗಲೇ. 304 ಎಂಬ ದರ್ಜೆಗೇ 18/8 ಎಂಬ ಹೆಸರೂ ಇದೆ. ಅದರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತವೆ. ಕ್ರೋಮಿಯಂ ಗಾಳಿಯೊಡನೆ ಸೇರಿ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯನ್ನು ಕಟ್ಟುತ್ತದೆ, ಗೀಚಿದರೂ ಆ ಪೊರೆ ತಾನಾಗಿ ಮತ್ತೆ ಕೂಡಿಕೊಳ್ಳುತ್ತದೆ. ಸ್ಟೀಲಿಗೆ ಒಳಲೇಪನ ಬೇಡದಿರುವುದು ಇದರಿಂದಲೇ. 316 ದರ್ಜೆಯಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಕೂಡ ಇರುವುದರಿಂದ ಉಪ್ಪಿನ ಅಂಶವನ್ನು ಅದು ಇನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಕುಡಿಯುವ ನೀರಿನ ಮಟ್ಟಿಗೆ ಆ ಹೆಚ್ಚುಗಾರಿಕೆ ನಮ್ಮ ಅನುಭವಕ್ಕೆ ಬರಲಿಲ್ಲ. ನಿಕ್ಕಲಿನ ಒಂದು ಭಾಗಕ್ಕೆ ಬದಲಾಗಿ ಮ್ಯಾಂಗನೀಸ್ ಸೇರಿಸಿ ಮಾಡುವ 201 ದರ್ಜೆ ಅಗ್ಗ, ತುಕ್ಕಿಗೆ ಬೇಗ ಸೋಲುತ್ತದೆ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ಮಾತನ್ನು ನಂಬಿ ನಾನೂ ಒಂದು ಅಯಸ್ಕಾಂತ ಹಿಡಿದು ಪರೀಕ್ಷೆಗಿಳಿದಿದ್ದೆ. 304 ಎಂದು ಮುದ್ರೆಯಿದ್ದ ಬಾಟಲಿಯ ಕುತ್ತಿಗೆಗೆ ಅದು ನವಿರಾಗಿ ಅಂಟಿಕೊಂಡಿತು, ಹೊಟ್ಟೆಯ ಭಾಗಕ್ಕೆ ಅಂಟಲೇ ಇಲ್ಲ. ತಗಡನ್ನು ತಣ್ಣಗಿರುವಾಗಲೇ ಎಳೆದು ಬಾಗಿಸಿದ ಕಡೆ 304ಕ್ಕೂ ಸ್ವಲ್ಪ ಕಾಂತಗುಣ ಬರುತ್ತದೆ, ಇತ್ತ 201 ಕೂಡ ಬಹುಮಟ್ಟಿಗೆ ಅಂಟುವುದಿಲ್ಲ. ಹೀಗಾಗಿ ಈ ಪರೀಕ್ಷೆಯಿಂದ ಎರಡನ್ನೂ ಬೇರ್ಪಡಿಸಲಾಗದು.

ಒಂದೇ ಪದರದ ಸ್ಟೀಲ್ ಬಾಟಲಿಯಲ್ಲಿ ಹೊಗಳುವಂಥದ್ದು ಏನೂ ಇಲ್ಲವೆಂದು ಮೊದಲು ಅನ್ನಿಸಿತ್ತು. ತಣ್ಣೀರು ತುಂಬಿಸಿದರೆ ಹೊರಮೈ ಬೆವರಿ ಪುಸ್ತಕಗಳು ಒದ್ದೆಯಾಗುತ್ತವೆ, ಬಿಸಿನೀರು ತುಂಬಿಸಿದರೆ ಹಿಡಿಯಲಾಗುವುದಿಲ್ಲ, ಎರಡು ಗಂಟೆಯಲ್ಲಿ ಎಲ್ಲವೂ ಕೋಣೆಯ ಶಾಖಕ್ಕೆ ಬಂದುಬಿಡುತ್ತದೆ. ಆದರೆ ಮಕ್ಕಳಿಬ್ಬರೂ ತಾವಾಗಿ ಆರಿಸಿಕೊಂಡು ಒಯ್ಯುತ್ತಿದ್ದದ್ದು ಇದನ್ನೇ. ಒಂದೇ ಅಳತೆಯ ನಿರ್ವಾತ ಬಾಟಲಿಯ ಅರ್ಧದಷ್ಟು ಭಾರವೂ ಇದಕ್ಕಿರಲಿಲ್ಲ, ಹೊರಗಾತ್ರ ಚಿಕ್ಕದಾದ್ದರಿಂದ ಚೀಲದ ಪಕ್ಕದ ಜೇಬಿನಲ್ಲಿ ಕೂರುತ್ತಿತ್ತು, ಎಷ್ಟು ನೆಗ್ಗಿದರೂ ಅದರ ಕೆಲಸಕ್ಕೆ ಕುಂದು ಬರುತ್ತಿರಲಿಲ್ಲ. ಬೆವರಿಗೆ ಬಟ್ಟೆಯ ಒಂದು ಕವಚ ಹೊಲಿದು ಹಾಕಿದೆವು.

ನಿರ್ವಾತ ಬಾಟಲಿಯ ಮೂಲ ಕಲ್ಪನೆ ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ತನ್ನ ಪ್ರಯೋಗಾಲಯಕ್ಕಾಗಿ ಮಾಡಿಕೊಂಡ ಗಾಜಿನ ಪಾತ್ರೆಯದು. ಎರಡು ಗೋಡೆಗಳ ನಡುವೆ ಗಾಳಿಯೇ ಇಲ್ಲದಿದ್ದರೆ ಶಾಖ ಅಲ್ಲಿಂದ ಹರಿದುಹೋಗಲಾರದು. ಅದು ಸೋರುವುದು ಮುಖ್ಯವಾಗಿ ಗೋಡೆಗಳೆರಡೂ ಕೂಡುವ ಕುತ್ತಿಗೆಯಿಂದ ಮತ್ತು ಮುಚ್ಚಳದಿಂದ. ಸ್ಟೀಲ್ ಶಾಖವನ್ನು ಸಾಗಿಸುವುದು ಅಲ್ಯೂಮಿನಿಯಂನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆಯಾದ್ದರಿಂದ ಈ ಕೆಲಸಕ್ಕೆ ಅದು ಹೇಳಿ ಮಾಡಿಸಿದಂತಿದೆ. ಬೆಳಿಗ್ಗೆ ಏಳಕ್ಕೆ ಕುದಿಯುವ ನೀರು ತುಂಬಿಸಿದ ನಮ್ಮ ಅರ್ಧ ಲೀಟರಿನ ಬಾಟಲಿಯಲ್ಲಿ ಮಧ್ಯಾಹ್ನ ಒಂದಕ್ಕೆ ಅಡುಗೆಯ ಉಷ್ಣಮಾಪಕ ಅದ್ದಿ ನೋಡಿದರೆ ಸುಮಾರು 70 ಡಿಗ್ರಿ ತೋರಿಸುತ್ತಿತ್ತು. ಮೊದಲು ಸ್ವಲ್ಪ ಬಿಸಿನೀರು ಹಾಕಿ ಐದು ನಿಮಿಷ ಬಿಟ್ಟು, ಅದನ್ನು ಚೆಲ್ಲಿ ತುಂಬಿಸಿದ ದಿನ ಇನ್ನೂ ಒಂದೆರಡು ಡಿಗ್ರಿ ಹೆಚ್ಚು ಉಳಿಯುತ್ತಿತ್ತು. ಈ ಗುಣವೇ ಒಮ್ಮೆ ಮುಳುವಾಯಿತು: ದೊಡ್ಡವಳು ಮೂರು ಗಂಟೆ ಕಳೆದಿದೆಯಲ್ಲ, ಆರಿರಬಹುದೆಂದು ನೇರವಾಗಿ ಬಾಯಿಗಿಟ್ಟುಕೊಂಡು ನಾಲಿಗೆ ಸುಟ್ಟುಕೊಂಡಳು. ಅಂದಿನಿಂದ ಮಕ್ಕಳು ಒಯ್ಯುವ ದಿನ ನಿರ್ವಾತ ಬಾಟಲಿಗೆ ಕುಡಿಯುವ ಹದದಲ್ಲೇ ನೀರು ತುಂಬಿಸುತ್ತಿದ್ದೆವು. ಹಾಲನ್ನಂತೂ ಇದರಲ್ಲಿ ಗಂಟೆಗಟ್ಟಲೆ ಇಡುವುದಿಲ್ಲ. ಉಗುರುಬೆಚ್ಚಗಿನ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ, ಬಾಟಲಿ ಆ ಬೆಚ್ಚನೆಯನ್ನು ಅವುಗಳಿಗಾಗಿಯೇ ಕಾಯ್ದಿಟ್ಟಂತಾಗುತ್ತದೆ.

ಈ ಬಗೆಯ ಬಾಟಲಿಗೆ ನೆಗ್ಗು ಬಿದ್ದರೆ ಮಾತ್ರ ಉಪೇಕ್ಷಿಸುವಂತಿಲ್ಲ. ಒಳಗೋಡೆಗೆ ಹೊರಗೋಡೆ ತಾಗಿದರೆ ಶಾಖಕ್ಕೆ ದಾರಿ ಸಿಕ್ಕಂತೆಯೇ. ಕುದಿಯುವ ನೀರು ತುಂಬಿಸಿ ಕೆಲವು ನಿಮಿಷದ ಬಳಿಕ ಹೊರಮೈ ಮುಟ್ಟಿದಾಗ ಬಿಸಿ ತಾಗಿದರೆ ನಿರ್ವಾತ ಕೆಟ್ಟಿದೆಯೆಂದೇ ಅರ್ಥ, ಅದನ್ನು ಮನೆಯಲ್ಲಿ ಸರಿಪಡಿಸಲಾಗುವುದಿಲ್ಲ. ನಮ್ಮ ಎರಡರಲ್ಲಿ ಒಂದು ಹತ್ತನೆಯ ತಿಂಗಳಲ್ಲಿ ಹೀಗೆ ಕೈಕೊಟ್ಟಿತು. ತಳದ ಬಿಲ್ಲೆ ಕಳಚಿದರೂ ಅಂಥ ಬಾಟಲಿಯನ್ನು ಬಳಸಬಾರದು, ಏಕೆಂದರೆ ಕೆಲವು ತಯಾರಕರು ನಿರ್ವಾತದ ರಂಧ್ರವನ್ನು ಮುಚ್ಚಲು ಸೀಸ ಬೆರೆತ ಬೆಸುಗೆ ಬಳಸುತ್ತಾರೆ. ಅದು ನೀರಿಗೆ ತಾಗುವುದಿಲ್ಲವಾದರೂ ಬಿಲ್ಲೆ ಬಿದ್ದರೆ ಕೈಗೆ ತಾಗುತ್ತದೆ.

ಮುಚ್ಚಳಗಳಲ್ಲಿ ಕೊಳವೆಯದು, ಒತ್ತಿದರೆ ಚಿಮ್ಮಿ ತೆರೆಯುವುದು, ತಿರುಪಿನದು ಎಂಬ ಮೂರೂ ಬಗೆಗಳು ನಮ್ಮಲ್ಲಿದ್ದವು. ಕೊಳವೆಯ ಮುಚ್ಚಳ ಮಕ್ಕಳಿಗೆ ಬಲು ಇಷ್ಟವಾಯಿತು, ತೊಳೆಯುವವರಿಗೆ ಆಗಲಿಲ್ಲ: ಎರಡೇ ವಾರದಲ್ಲಿ ಕೊಳವೆಯ ಬುಡದಲ್ಲಿ ಕಪ್ಪು ಬೂಷ್ಟು ಕಾಣಿಸಿತು. ಅದರಲ್ಲಿ ಬಿಸಿ ಪಾನೀಯ ಹಾಕುವುದೂ ಅಪಾಯ, ಒಳಗಿನ ಒತ್ತಡಕ್ಕೆ ಅದು ಕೊಳವೆಯಿಂದ ಮುಖಕ್ಕೇ ಚಿಮ್ಮುತ್ತದೆ. ಒತ್ತುವ ಮುಚ್ಚಳದ ಸ್ಪ್ರಿಂಗ್ ಆರೇಳು ತಿಂಗಳಲ್ಲಿ ಸಡಿಲವಾಯಿತು. ಸಾದಾ ತಿರುಪು ಮುಚ್ಚಳದಲ್ಲಿ ಕೆಡಬಹುದಾದದ್ದು ಸಿಲಿಕೋನ್ ವಾಷರ್ ಒಂದೇ. ವಾಸನೆ ಹಿಡಿದಾಗ ಅದನ್ನು ಬಿಡಿಸಿ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ನೆನೆಸಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ, ಹೋಗದಿದ್ದರೆ ಹೊಸದನ್ನು ಹಾಕಬಹುದು. ವಾಷರ್ ಬಿಡಿಯಾಗಿ ಸಿಗದ ಬಾಟಲಿ ಎಷ್ಟೇ ಚೆನ್ನಾಗಿದ್ದರೂ ನಾನು ಇನ್ನು ಕೊಳ್ಳುವುದಿಲ್ಲ. ಗಡಸು ನೀರಿನ ಬಿಳಿ ಕಲೆಗೆ ಸಿಟ್ರಿಕ್ ಆಮ್ಲ ಅಥವಾ ವಿನೆಗರ್ ಸಾಕು. ಕ್ಲೋರಿನ್ ಇರುವ ಬ್ಲೀಚ್ ಮಾತ್ರ ಬೇಡ, ಅದು ಸ್ಟೀಲಿನ ರಕ್ಷಣೆಯ ಪೊರೆಯನ್ನು ಕೊರೆದು ಸೂಜಿಮೊನೆಯಂಥ ತುಕ್ಕಿನ ಚುಕ್ಕೆಗಳನ್ನು ಎಬ್ಬಿಸುತ್ತದೆ.

ಈಗ ಮಕ್ಕಳಿಬ್ಬರ ಬಳಿಯೂ ಇರುವುದು ಅಗಲ ಬಾಯಿಯ, ಒಂದೇ ಪದರದ, 304 ದರ್ಜೆಯ ತಿರುಪು ಮುಚ್ಚಳದ ಬಾಟಲಿ. ನಾನು ಬಳಸುವುದೂ ಅದನ್ನೇ. ದಿನವಿಡೀ ಬಿಸಿ ಕಾಫಿ ಬೇಕೆನ್ನುವ ನಮ್ಮ ಯಜಮಾನರಿಗೊಂದು, ರಾತ್ರಿ ಅತ್ತೆಯವರ ಹಾಸಿಗೆಯ ಪಕ್ಕಕ್ಕೊಂದು ನಿರ್ವಾತ ಬಾಟಲಿ ಇವೆ. ಬೆರಳುಗಳು ಬಿಗಿಯಾದ ಅತ್ತೆಯವರಿಗೆ ತಿರುಪು ಕಷ್ಟವೆಂದು ಅದೊಂದಕ್ಕೆ ಮಾತ್ರ ಒತ್ತುವ ಮುಚ್ಚಳವನ್ನು ಉಳಿಸಿಕೊಂಡಿದ್ದೇವೆ, ಅದರ ಸ್ಪ್ರಿಂಗ್ ಮತ್ತೆ ಸಡಿಲವಾಗುವುದೆಂದು ಗೊತ್ತಿದ್ದೇ.