ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ: ಮಾಡಿ ತೋರಿಸಬೇಕಾದ ಪರೀಕ್ಷೆ

ನಾಲ್ಕು ವರ್ಷ ಸರ್ವರ್ ನೋಡಿಕೊಂಡ ಮೇಲೆ ಇಎಕ್ಸ್200 ಬರೆದೆ. ಲಿನಕ್ಸ್ ಸಿಸ್ಟಂ ನೋಡಿಕೊಳ್ಳುವವರಿಗೆ ರೆಡ್ ಹ್ಯಾಟ್ ಕಂಪನಿ ಕೊಡುವ ಆರ್‌ಎಚ್‌ಸಿಎಸ್‌ಎ ಸರ್ಟಿಫಿಕೇಟಿನ ಪರೀಕ್ಷೆ ಇದು. ಬರೆದೆ ಅನ್ನೋದು ಸರಿಯಾದ ಮಾತಲ್ಲ. ನಾಲ್ಕರಲ್ಲಿ ಒಂದು ಉತ್ತರ ಆರಿಸುವ ಪ್ರಶ್ನೆ ಇಲ್ಲಿ ಒಂದೂ ಇಲ್ಲ. ಲಿನಕ್ಸ್ ಮಷೀನಿನ ಮುಂದೆ ಮೂರು ಗಂಟೆ ಕೂತು ಕೆಲಸ ಮಾಡಿ ತೋರಿಸಬೇಕು. 300ಕ್ಕೆ 210 ಬಂದರೆ ಪಾಸ್.

ನನಗೆ ತುಂಬ ಹಿಡಿಸಿದ್ದು ಒಂದು ನಿಯಮ: ಮಾಡಿದ್ದೆಲ್ಲ ರೀಬೂಟ್ ಆದಮೇಲೂ ಉಳಿದಿರಬೇಕು. ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ವ್ಯವಸ್ಥೆ) ವಾಲ್ಯೂಮ್ ಮಾಡಿ ಮೌಂಟ್ ಮಾಡಿದರೆ, ಅಂದರೆ ಬಳಕೆಗೆ ಜೋಡಿಸಿದರೆ ಸಾಲದು, ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಅದರ ಸಾಲು ಸರಿಯಾಗಿ ಕೂರಬೇಕು. ಒಂದು ಅಕ್ಷರ ತಪ್ಪಿದರೂ ಮಷೀನು ಮೇಲೇಳದೆ ಇರಬಹುದು. ಮನೆಯಲ್ಲಿ ಅಭ್ಯಾಸ ಮಾಡುವಾಗ ಎರಡು ಸಲ ಹಾಗಾಗಿ, ರಾತ್ರಿ ಒಂದೂವರೆಗೆ ಎಮರ್ಜೆನ್ಸಿ ಮೋಡ್‌ನಲ್ಲಿ (ಮಷೀನು ಪೂರ್ತಿ ಏಳದಾಗ ಸಿಗುವ ರಿಪೇರಿ ಪರದೆ) ಕೂತು ಸರಿಮಾಡಿದ್ದೇನೆ. ಕಲಿತದ್ದು ಆಗಲೇ. ಪರೀಕ್ಷೆಯಲ್ಲಿ ಇಂಟರ್ನೆಟ್ ಇಲ್ಲ, ಲಿನಕ್ಸ್ ಒಳಗೇ ಇರುವ ಕೈಪಿಡಿ, ಅಂದರೆ ಮ್ಯಾನ್ ಪುಟಗಳೇ ಗತಿ. ಅವುಗಳನ್ನು ಓದುವ ರೂಢಿ ಈಗ ಆಫೀಸಿನಲ್ಲೂ ಬಿಟ್ಟಿಲ್ಲ.

ತರಬೇತಿಗೆ ಸೇರಿದ್ದ ಸಂಸ್ಥೆ ಮಾತ್ರ ಬೇಸರ ತಂದಿತು. ಹಳೇ ನೋಟ್ಸ್ ಓದಿಸಿದರು. ಯಾವ ಪ್ರೋಗ್ರಾಂ ಏನು ಮುಟ್ಟಬಹುದು ಅಂತ ಕಾಯುವ ಭದ್ರತಾ ವ್ಯವಸ್ಥೆ ಎಸ್‌ಇಲಿನಕ್ಸ್ ಬಂದಾಗ ‘ಆಫ್ ಮಾಡಿಬಿಡಿ’ ಅಂದರು. ಸಿಲಬಸ್ ಕೇಳುವುದು ಅದನ್ನು ಚಾಲೂ ಇಟ್ಟುಕೊಂಡೇ ಸರ್ವಿಸ್ ನಡೆಸೋದನ್ನು. ಆ ದುಡ್ಡು ಉಳಿಸಿ: ರೆಡ್ ಹ್ಯಾಟ್ ಲಿನಕ್ಸಿನಂತೆಯೇ ಇರುವ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್ ಎರಡೂ ಪುಕ್ಕಟೆ. ಲ್ಯಾಪ್‌ಟಾಪಿನಲ್ಲಿ ಎರಡು ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಓಡುವ ಕಂಪ್ಯೂಟರ್) ಹಾಕಿ, ದಿನಾ ಒಂದು ಗಂಟೆ ಕೂತರೆ ಸಾಕು.

ಪರೀಕ್ಷಾ ಶುಲ್ಕ ನಮ್ಮ ಸಂಬಳಕ್ಕೆ ಭಾರವೇ, ಅದರ ಮೇಲೆ ಸರ್ಟಿಫಿಕೇಟಿನ ಅವಧಿ 3 ವರ್ಷ ಅಷ್ಟೇ. ಆದರೂ ತಮ್ಮನನ್ನೂ ಈ ಪರೀಕ್ಷೆಗೆ ಹೊರಡಿಸಿದ್ದೇನೆ. ಅವನಿಗೆ ಮೊದಲ ವಾರ ಪೂರ್ತಿ ಎಫ್‌ಎಸ್‌ಟ್ಯಾಬೇ.