ಮೊದಲ ತುಂಡನ್ನು ಯಾರಿಗೂ ಕೊಡಬಾರದು: ಬಾಗಲಕೋಟೆಯ ಒಂದು ಕಸೂತಿ ತರಗತಿ

ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ. ತಿಂಗಳಿಗೆ 600 ರೂಪಾಯಿ, ಭಾನುವಾರಕ್ಕೊಮ್ಮೆ ಎರಡೂವರೆ ತಾಸು, ಒಂದು ತಂಡಕ್ಕೆ ಮೂರು ತಿಂಗಳು. ಬಟ್ಟೆ, ಸೂಜಿ, ದಾರ ನಾವೇ ತರಬೇಕು. ಕೊಟ್ಟ ಹಣಕ್ಕೆ ಮೋಸವಿಲ್ಲ. ಕಲಿಯಲು ಬರುವವರ ಬಗ್ಗೆ ಇಷ್ಟು ಗೌರವ ಇಟ್ಟುಕೊಂಡ ತರಗತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಬಾಗಲಕೋಟೆಯ ನವನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಇದು ನಡೆಯುತ್ತದೆ. ಬೋರ್ಡು ಇಲ್ಲ. ತಮ್ಮ ಹೆಸರು, ಫೋನ್ ನಂಬರು ಎಲ್ಲೂ ಬರುವುದು ನಡೆಸುವವರಿಗೆ ಇಷ್ಟವಿಲ್ಲ. ಹಾಗಾಗಿ ನಾವೆಲ್ಲ ಕರೆಯುವಂತೆ ಇಲ್ಲಿಯೂ ಅವರನ್ನು ಅಕ್ಕಾವರು ಎಂದೇ ಕರೆಯುತ್ತೇನೆ. ಸೀರೆಗೆ ಫಾಲ್ ಹಾಕುವ, ಕುಚ್ಚು ಕಟ್ಟುವ ಅಂಗಡಿಗಳಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಸೂಜಿ ಹಿಡಿದದ್ದು ಗುಂಡಿ ಹಚ್ಚಲು ಮಾತ್ರ. ಇಂಥವಳಿಗೆ ಇಲ್ಲಿ ಏನು ಸಿಕ್ಕಿತು ಎಂದು ತಿಳಿದರೆ, ಸೇರಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಅನುಕೂಲವಾದೀತು.

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿಯಲ್ಲಿ ಹೋಗುವಾಗ ಒಂದು ಮನೆ, ಅಂದರೆ ಒಂದು ಹೊಲಿಗೆಯಷ್ಟು ಜಾಗ, ಬಿಟ್ಟು ಒಂದು ಮನೆ ಹೊಲಿಯುತ್ತ ಹೋಗುತ್ತೇವೆ, ಮರಳುವಾಗ ಬಿಟ್ಟ ಮನೆಗಳನ್ನೆಲ್ಲ ತುಂಬಿಕೊಂಡು ಬರುತ್ತೇವೆ. ಮುರ್ಗಿಯೂ ಹೀಗೆಯೇ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ಉದ್ದ ಗಿಡ್ಡ ಎಳೆಗಳಿಂದ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತೆ ಎಂದರೆ ಒಂದನ್ನೊಂದು ಅಡ್ಡ ಹಾಯುವ ಎರಡು ಓರೆ ಹೊಲಿಗೆ, ಸಣ್ಣ ಗುಣಾಕಾರ ಚಿಹ್ನೆಯ ಹಾಗೆ. ಬಟ್ಟೆಯ ಮೇಲೆ ಪೆನ್ಸಿಲ್ಲಿನಿಂದ ಗೆರೆ ಹಾಕುವಂತಿಲ್ಲ, ಎಳೆಗಳನ್ನು ಎಣಿಸಿಯೇ ಹೊಲಿಯಬೇಕು. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಅಡಿಯಲ್ಲೇ ನುಸುಳಿಸಿ ಮುಚ್ಚಬೇಕು. ಗವಂತಿ ಮತ್ತು ಮುರ್ಗಿಯನ್ನು ಸರಿಯಾಗಿ ಹಾಕಿದರೆ ಬಟ್ಟೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣುತ್ತವೆ.

ಹೊಲಿಗೆ ಕಲಿಸುವ ಜನ ನಮ್ಮ ಕಡೆ ಬೇರೆಯೂ ಇದ್ದಾರೆ. ಅಕ್ಕಾವರ ತರಗತಿ ಬೇರೆಯಾಗುವುದು ಮೂರು ನಿಯಮಗಳಿಂದ.

ಮೊದಲ ನಿಯಮದ ಪ್ರಕಾರ, ನೀವು ಪೂರ್ತಿ ಮಾಡಿದ ಮೊದಲ ತುಂಡನ್ನು ಯಾರಿಗೂ ಕೊಡಬಾರದು, ಮಾರಬಾರದು, ಕಪಾಟಿನಲ್ಲೂ ಇಡಬಾರದು. ಸ್ವತಃ ದಿನಾಲೂ ಬಳಸಬೇಕು. ಕೇಳಲು ಇದು ಸಣ್ಣ ಮಾತು. ಆದರೆ ನಮ್ಮ ತಂಡದಲ್ಲಿ ಬಹುತೇಕ ಎಲ್ಲರೂ ಮೊದಲ ವಾರವೇ ಆ ತುಂಡು ಯಾರಿಗೆಂದು ನಿಶ್ಚಯಿಸಿಬಿಟ್ಟಿದ್ದರು. ಒಬ್ಬರು ಮಗಳ ಸೀಮಂತದ ಕುಪ್ಪಸಕ್ಕೆ, ಇನ್ನೊಬ್ಬರು ನಾದಿನಿಯ ಹೊಸ ಮನೆಯ ಟೀಪಾಯಿಗೆ, ಮತ್ತೊಬ್ಬರು ಮಠಕ್ಕೆ ಎಂದಿದ್ದರು. ತನಗಾಗಿ ಎಂದವರು ಯಾರೂ ಇರಲಿಲ್ಲ. ಅಕ್ಕಾವರು ಎಲ್ಲರ ಮಾತನ್ನೂ ಸಮಾಧಾನದಿಂದ ಕೇಳಿ, "ಅವರಿಗೆಲ್ಲ ಎರಡನೆಯದು ಕೊಡಿರಿ. ಮೊದಲನೆಯದು ನಿಮ್ಮ ಕಣ್ಣಮುಂದೆ ಇರಬೇಕು. ನೀವು ಎಲ್ಲಿಂದ ಹೊರಟಿರಿ ಎಂಬುದಕ್ಕೆ ಅದೊಂದೇ ಗುರುತು," ಎಂದರು. ನನ್ನ ಮೊದಲ ತುಂಡು ಈಗ ಊಟದ ಡಬ್ಬಿ ಕಟ್ಟುವ ಬಟ್ಟೆಯಾಗಿದೆ. ಎಳೆ ಎಣಿಸಲು ಬರುವಂತೆ ನೇಯ್ದ ಬಿಳಿ ಮ್ಯಾಟಿ ಬಟ್ಟೆಯ ಮೇಲೆ ಕೆಂಪು ದಾರದ ತುಳಸಿಕಟ್ಟೆ ಅದು. ಶಾಲೆಯಲ್ಲಿ ಅದನ್ನು ಬಿಚ್ಚುವಾಗ ಸಹೋದ್ಯೋಗಿ ಒಬ್ಬರು, "ಎಲ್ಲಿ ತಂದಿರಿ ಟೀಚರ್?" ಎಂದು ಕೇಳಿದರು. "ನಾನೇ ಹಾಕಿದ್ದು" ಎಂದೆ. ಆ ಉತ್ತರದ ಹಿಂದೆ "ಅಷ್ಟೇನೂ ಚೆನ್ನಾಗಿಲ್ಲ" ಎಂಬ ಬಾಲ ಸೇರಿಸಲಿಲ್ಲ.

ಆ ಬಾಲವನ್ನು ಕತ್ತರಿಸಲೆಂದೇ ಎರಡನೆಯ ನಿಯಮ. ತರಗತಿ ಮುಗಿಯುವ ಮುಂಚೆ ಪ್ರತಿಯೊಬ್ಬರೂ ತಮ್ಮ ಬಟ್ಟೆಯನ್ನು ಎತ್ತಿ ಹಿಡಿದು, ಅದರಲ್ಲಿ ತಮಗೆ ಇಷ್ಟವಾದ ಒಂದು ಜಾಗವನ್ನು ತೋರಿಸಿ, ಯಾಕೆ ಇಷ್ಟ ಎಂದು ಹೇಳಬೇಕು. "ಆದರೆ" ಎಂಬ ಪದ ಬಂದರೆ ಅಕ್ಕಾವರು ಕೈ ಎತ್ತುತ್ತಾರೆ, ಮತ್ತೆ ಮೊದಲಿನಿಂದ ಹೇಳಬೇಕು. ಸುಮ್ಮನೆ ಹೊಗಳಿಕೊಳ್ಳುವುದಕ್ಕೂ ಅವಕಾಶವಿಲ್ಲ. "ಎಲ್ಲಾ ಚೆಂದ ಬಂದಿದೆ" ಎಂದರೆ ಅದನ್ನೂ ಒಪ್ಪುವುದಿಲ್ಲ. ಎಲ್ಲಿ, ಯಾವ ಸಾಲಿನಲ್ಲಿ, ಏನು ಎಂದು ಬೆರಳಿಟ್ಟು ತೋರಿಸಬೇಕು.

ಇದರ ಫಲ ನನಗೆ ಅರ್ಥವಾದದ್ದು ನನ್ನ ಪಕ್ಕ ಕೂರುತ್ತಿದ್ದ ಒಬ್ಬರಿಂದ. ಅವರದು ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವ ಕೆಲಸ. ಬೆಳಗಿನಿಂದ ಹಂಚಿನ ಮುಂದೆ ಇರುವ ಕೈ, ಬೆರಳ ತುದಿ ಒರಟಾಗಿ ದಾರ ಸಿಕ್ಕಿಕೊಳ್ಳುತ್ತಿತ್ತು. ಮೊದಮೊದಲು ಸರದಿ ಬಂದಾಗ ಬಟ್ಟೆ ಮಡಚಿ ಮಡಿಲಲ್ಲಿ ಇಟ್ಟುಕೊಂಡು ತಲೆಯಾಡಿಸಿಬಿಡುತ್ತಿದ್ದರು. ಅಕ್ಕಾವರು ಒತ್ತಾಯ ಮಾಡಲಿಲ್ಲ. "ಮುಂದಿನ ವಾರ ಹೇಳಿರಿ, ಕಾಯುತ್ತೇನೆ" ಎಂದಷ್ಟೇ ಹೇಳುತ್ತಿದ್ದರು. ಹೀಗೆ ಕೆಲವು ವಾರಗಳಾದ ಮೇಲೆ ಆಕೆ ಬಟ್ಟೆ ಬಿಚ್ಚಿ, "ಈ ಆನೆಯ ಸೊಂಡಿಲು ತಿರುಗಿದ ಜಾಗ ನೋಡಿರಿ. ಇಲ್ಲಿ ಲೆಕ್ಕ ತಪ್ಪುತ್ತದೆಂದು ಹೆದರಿದ್ದೆ. ತಪ್ಪಲಿಲ್ಲ," ಎಂದರು. ಧ್ವನಿ ಗಟ್ಟಿಯಾಗಿತ್ತು. ಆ ದಿನದಿಂದ ಅವರ ಸರದಿ ಬಂದರೆ ಉಳಿದವರು ಮುಂದೆ ಬಗ್ಗಿ ನೋಡುವಂತಾಯಿತು, ಅಷ್ಟು ಚೆನ್ನಾಗಿ ತೋರಿಸುತ್ತಾರೆ.

ಮನೆಯಲ್ಲಿ ನನ್ನ ಅವ್ವನ ಮೇಲೂ ಈ ನಿಯಮವನ್ನು ಪ್ರಯೋಗಿಸಿದೆ. ಅವ್ವ ಜೀವಮಾನವಿಡೀ ಕೌದಿ ಹೊಲಿದವಳು. ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ನಮ್ಮ ಲಂಗ, ಎಲ್ಲವೂ ಅವಳ ಕೌದಿಯಲ್ಲಿವೆ. ಯಾರು ಮೆಚ್ಚಿದರೂ "ಅರಿವೆ ಹಾಳಾಗಬಾರದೆಂದು ಹೊಲಿದೆ" ಎನ್ನುವುದು ಅವಳ ರೂಢಿ. ಒಂದು ಜಾಗ ತೋರಿಸು ಎಂದು ಹಟ ಹಿಡಿದಾಗ, ಕೌದಿಯನ್ನು ಹಾಸಿಗೆಯ ಮೇಲೆ ಪೂರ್ತಿ ಬಿಚ್ಚಿಸಿ, ಇಳಕಲ್ ಸೀರೆಯ ಟೋಪಿ ತೆನೆ ಸೆರಗಿನ ಒಂದು ಪಟ್ಟಿಯನ್ನು ನೀಲಿ ಚೌಕದ ಪಕ್ಕ ಇಟ್ಟದ್ದನ್ನು ತೋರಿಸಿದಳು. ಆ ಎರಡು ಬಣ್ಣ ಕೂಡುತ್ತವೋ ಇಲ್ಲವೋ ಎಂದು ಬಹಳ ಹೊತ್ತು ಯೋಚಿಸಿದ್ದಳಂತೆ. ಇದನ್ನು ಹೇಳುವುದಕ್ಕೆ ಅವಳನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ನಮ್ಮ ಭಾಗದ ಮನೆಮನೆಯಲ್ಲಿ ಇಂಥ ಕೆಲಸ ನಡೆದಿದೆ, ಮಾಡಿದವರ ಬಾಯಿಂದ ಅದರ ಬಗ್ಗೆ ಒಂದು ಮೆಚ್ಚಿನ ಮಾತು ಬಂದಿಲ್ಲ. ಅದು ಬರಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಮೂರನೆಯ ನಿಯಮ ನನಗೆ ಎಲ್ಲಕ್ಕಿಂತ ಪ್ರಿಯ. ಎರಡನೆಯ ತಿಂಗಳಿನಿಂದ ಪ್ರತಿಯೊಬ್ಬರೂ ದಿನಾ ನೋಡುವ ಒಂದು ವಸ್ತುವನ್ನು ಗ್ರಾಫ್ ಹಾಳೆಯ ಮೇಲೆ ಚೌಕಗಳಲ್ಲಿ ಬರೆದು, ಅದನ್ನೇ ಹೊಲಿಯಬೇಕು. ಪುಸ್ತಕದ ವಿನ್ಯಾಸ ನಡೆಯುವುದಿಲ್ಲ. ರೊಟ್ಟಿಯವರು ಹಂಚು ಮತ್ತು ಬೆಂಕಿ ಬರೆದರು. ಒಬ್ಬರು ನೀರಿನ ಸಿಂಟೆಕ್ಸ್ ಟ್ಯಾಂಕು, ಇನ್ನೊಬ್ಬರು ಗ್ಯಾಸ್ ಸಿಲಿಂಡರು. ಹಿರಿಯರೊಬ್ಬರಿಗೆ ಇದು ಸರಿ ಬರಲಿಲ್ಲ. ಕಸೂತಿ ಎಂದರೆ ಗೋಪುರ, ತೇರು, ಪಲ್ಲಕ್ಕಿ, ನವಿಲು, ಗಿಳಿ, ಸಿಲಿಂಡರನ್ನು ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಯಾರು ಹಾಕುತ್ತಾರೆ ಎಂದು ಕೇಳಿದರು. ಆ ಚರ್ಚೆ ಚೆನ್ನಾಗಿ ನಡೆಯಿತು. ನಾನು ಅಕ್ಕಾವರ ಪಕ್ಷ. ತೊಟ್ಟಿಲು, ತುಳಸಿಕಟ್ಟೆ, ಊರ ತೇರು ಇವೆಲ್ಲ ಹಿಂದಿನ ಕಾಲದ ಹೆಂಗಸರು ಹಗಲೆಲ್ಲ ಕಣ್ಣಾರೆ ಕಂಡ ವಸ್ತುಗಳೇ. ಅವರು ಕಂಡದ್ದನ್ನು ಹೊಲಿದರು, ನಾವು ಅವರು ಹೊಲಿದದ್ದನ್ನು ಮಾತ್ರ ಹೊಲಿಯುತ್ತ ಕೂತರೆ ಅವರ ಅರ್ಧ ವಿದ್ಯೆಯನ್ನಷ್ಟೇ ಕಲಿತ ಹಾಗೆ. ಹಿರಿಯರು ಕೊನೆಗೂ ಒಪ್ಪಲಿಲ್ಲ, ತಮ್ಮ ಪಾಡಿಗೆ ಅಂಗಳದ ಬೇವಿನ ಮರವನ್ನು ಬರೆದುಕೊಂಡರು. ಅದು ತಂಡದಲ್ಲೇ ಅತ್ಯುತ್ತಮವಾಗಿ ಬಂತು.

ಈ ನಿಯಮದಿಂದ ಕಣ್ಣು ಬದಲಾಗುತ್ತದೆ. ಐಹೊಳೆಯ ಲಾಡ್‌ಖಾನ್ ಗುಡಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗುವುದು ನಮ್ಮ ಶಾಲೆಯ ಪದ್ಧತಿ. ಅಲ್ಲಿನ ಕಲ್ಲಿನ ಜಾಲಂಧ್ರಗಳ, ಅಂದರೆ ಜಾಲರಿ ಕಿಟಕಿಗಳ ಮುಂದೆ ಈ ಸಲ ನಾನು ಚೌಕ ಎಣಿಸುತ್ತ ನಿಂತೆ, ಮಕ್ಕಳೂ ನಿಂತರು. ಗುಳೇದಗುಡ್ಡದ ಖಣ, ಬಾಗಿಲ ಮುಂದಿನ ರಂಗೋಲಿ, ಬಸ್ಸಿನ ಕಿಟಕಿಯ ಸರಳು, ಎಲ್ಲ ಕಡೆ ಹೊಲಿಯಬಹುದಾದದ್ದು ಕಾಣತೊಡಗಿತು.

ನಾನು ಬರೆದದ್ದು ದಿನಾ ಹತ್ತುವ ಬಸ್ಸು. ಅಡ್ಡ ಉದ್ದ ಗೆರೆಗಳು ಮಾತ್ರ. ಇಲ್ಲಿ ನನ್ನ ವಿಷಯ ನನ್ನ ಕೈ ಹಿಡಿಯಿತು. ದಾರ ಎಲ್ಲಿಂದ ಹೊರಟು ಎಲ್ಲಿ ತಿರುಗಬೇಕು ಎಂಬುದು ಹೊಸಬರಿಗೆ ತಲೆನೋವಿನ ಪ್ರಶ್ನೆ. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಸಮಸ್ಯೆಯನ್ನು ಬಿಡಿಸಿದ. ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರೆಲ್ಲ ಸುತ್ತಲು ಅಲ್ಲಿ ಸಾಧ್ಯವಿರಲಿಲ್ಲ. ಆದರೆ ಪ್ರತಿ ದಾರಿಯಲ್ಲಿ ಒಮ್ಮೆ ಹೋಗಿ ಒಮ್ಮೆ ಬರಬಹುದಾದರೆ, ಒಂದಕ್ಕೊಂದು ಕೂಡಿಕೊಂಡ ಯಾವ ಚಿತ್ರವನ್ನಾದರೂ ಸುತ್ತಿ ಹೊರಟಲ್ಲಿಗೇ ಮರಳಬಹುದು. ಗವಂತಿ ಮಾಡುವುದು ಅದನ್ನೇ. ಸೂಜಿ ಚುಚ್ಚುವ ಬಿಂದುಗಳಿಗೆ ಚದುರಂಗದ ಹಲಗೆಯಂತೆ ಒಂದು ಬಿಟ್ಟು ಒಂದು ಕಪ್ಪು, ಬಿಳಿ ಎಂದು ಹೆಸರಿಡಿ. ಕಪ್ಪಿನಿಂದ ಬಿಳಿಗೆ ಹೋಗುವಾಗ ದಾರ ಮೇಲೆ, ಬಿಳಿಯಿಂದ ಕಪ್ಪಿಗೆ ಬರುವಾಗ ದಾರ ಕೆಳಗೆ. ಒಂದೊಂದು ಗೆರೆಯ ಮೇಲೂ ಹೋಗಿ ಬಂದರೆ ಮುಂಭಾಗ ಹಿಂಭಾಗ ಎರಡೂ ತಾನಾಗಿ ತುಂಬುತ್ತವೆ. ಇದನ್ನು ಹಾಳೆಯ ಮೇಲೆ ತೋರಿಸಿದಾಗ ಅಕ್ಕಾವರು ಎದ್ದು ಬಂದು ನನ್ನ ಕುರ್ಚಿಯ ಪಕ್ಕ ನಿಂತರು. "ಇದು ನನ್ನ ಕೈಗೆ ಗೊತ್ತಿತ್ತು ಟೀಚರ್, ಬಾಯಿಗೆ ಗೊತ್ತಿರಲಿಲ್ಲ. ಇವರಿಗೆಲ್ಲ ನೀವೇ ಹೇಳಿಕೊಡಿರಿ," ಎಂದರು. ಕಲಿಯಲು ಬಂದವಳ ಕೈಗೆ ಬೋರ್ಡು ಕೊಟ್ಟು ತಾವು ಪಕ್ಕಕ್ಕೆ ಸರಿದು ಕೂರುವ ಗುರು ಅಪರೂಪ. ಆ ಅರ್ಧ ತಾಸು ನನಗೆ ಆದ ಸಂತೋಷ ಸಣ್ಣದಲ್ಲ.

ಇನ್ನು ಕೊರತೆಗಳು. ಬೆನ್ನಿಗೆ ಆಸರೆ ಇಲ್ಲದ ಪ್ಲಾಸ್ಟಿಕ್ ಸ್ಟೂಲುಗಳು ಹೆಚ್ಚು, ಕುರ್ಚಿಗಳು ಕಡಿಮೆ. ಎರಡೂವರೆ ತಾಸು ಬಗ್ಗಿ ಎಣಿಸಿದರೆ ಕುತ್ತಿಗೆ ಹಿಡಿಯುತ್ತದೆ, ಮಧ್ಯೆ ಎದ್ದು ಓಡಾಡಲು ಒಂದು ವಿರಾಮ ಬೇಕು. ಒಂದೇ ಟ್ಯೂಬ್‌ಲೈಟ್, ಕರೆಂಟು ಹೋದರೆ ಕಿಟಕಿಯ ಪಕ್ಕದವರು ಮಾತ್ರ ಕೆಲಸ ಮಾಡಬಹುದು. ಕಪ್ಪು ಬಟ್ಟೆಯ ಮೇಲೆ ಎಳೆ ಎಣಿಸುವುದು ಆ ಬೆಳಕಿನಲ್ಲಿ ಕಷ್ಟವೇ. ಮೊದಲ ತಿಂಗಳಿಗೆ ಕೊಡುವ ವಿನ್ಯಾಸದ ಹಾಳೆಗಳು ಜೆರಾಕ್ಸಿನ ಜೆರಾಕ್ಸ್ ಆಗಿ ಚೌಕದ ಗೆರೆಗಳೇ ಅಳಿಸಿವೆ. ಎಡಗೈಯಿಂದ ಹೊಲಿಯುವ ಹುಡುಗಿಯೊಬ್ಬಳಿಗೆ ತಿರುವುಗಳನ್ನು ತೋರಿಸಲು ಸಾಕಷ್ಟು ಸಮಯ ಸಿಗಲಿಲ್ಲ. ಇವನ್ನೆಲ್ಲ ಅಕ್ಕಾವರಿಗೆ ನೇರವಾಗಿಯೇ ಹೇಳಿದ್ದೇನೆ. ಹಾಳೆಗಳನ್ನು ಹೊಸದಾಗಿ ಬರೆದುಕೊಡುವ ಕೆಲಸ ನಾನು ಒಪ್ಪಿಕೊಂಡಿದ್ದೇನೆ.

ಬೇಗ ಕಲಿತು ಸೀರೆಗೆ ಆರ್ಡರ್ ಹಿಡಿಯಬೇಕು ಎನ್ನುವವರಿಗೆ ಈ ತರಗತಿ ನಿಧಾನ ಎನಿಸುತ್ತದೆ. ಎಳೆ ಎಣಿಸಲು ಇಳಕಲ್ ಸೀರೆಯ ಮೇಲೆ ಕ್ಯಾನ್ವಾಸ್ ಇಟ್ಟು ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆ ಎಳೆದು ತೆಗೆಯುವ ಕ್ರಮವನ್ನು ಕೊನೆಯ ಎರಡು ವಾರಗಳಲ್ಲಿ ಮಾತ್ರ ತೋರಿಸುತ್ತಾರೆ. ಅದಕ್ಕೆ ಇನ್ನೂ ಸಮಯ ಬೇಕು, ಆ ಆಕ್ಷೇಪ ನ್ಯಾಯವಾದದ್ದೇ. ಗಂಡಸರು ಸೇರಬಹುದೇ ಎಂದು ಇಬ್ಬರು ಮೂವರು ನನ್ನನ್ನು ಕೇಳಿದ್ದಾರೆ. ಸೇರಬಹುದು. ನಮ್ಮ ತಂಡದಲ್ಲಿ ಒಬ್ಬ ದರ್ಜಿ ಇದ್ದರು, ಅವರ ಮುರ್ಗಿ ಹೊಲಿಗೆಯ ಹಿಂಭಾಗವನ್ನು ಅಕ್ಕಾವರು ಎಲ್ಲರಿಗೂ ಮಾದರಿಯೆಂದು ತೋರಿಸುತ್ತಿದ್ದರು.

ಹೋಗುವವರು ಮೊದಲ ದಿನ ಬಿಳಿ ಅಥವಾ ಕೆನೆ ಬಣ್ಣದ ಮ್ಯಾಟಿ ಬಟ್ಟೆ ಅರ್ಧ ಮೀಟರು, ಮೊಂಡು ಮೊನೆಯ ಸೂಜಿ, ಕೆಂಪು ಮತ್ತು ಹಸಿರು ದಾರದ ಒಂದೊಂದು ಲಡಿ ತೆಗೆದುಕೊಳ್ಳಿ. ಲಡಿಯಲ್ಲಿ ಆರು ಎಳೆ ಇರುತ್ತವೆ, ಎರಡೆರಡು ಬಿಡಿಸಿಕೊಳ್ಳುವುದನ್ನು ಅವರೇ ಕಲಿಸುತ್ತಾರೆ. ನಲವತ್ತು ದಾಟಿದ್ದರೆ ಓದುವ ಕನ್ನಡಕ ಮರೆಯಬೇಡಿ. ಹತ್ತು ನಿಮಿಷ ಮುಂಚೆ ಹೋದರೆ ಕಿಟಕಿಯ ಪಕ್ಕದ ಕುರ್ಚಿ ಸಿಗುತ್ತದೆ. ಎಡಗೈಯವರಾದರೆ ಸೇರುವಾಗಲೇ ತಿಳಿಸಿ. ಮುಂದಿನ ತಂಡ ದೀಪಾವಳಿಯ ನಂತರ ಶುರುವಾಗುತ್ತದೆ, ಹನ್ನೆರಡು ಜನರಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ.