ಮಾತನ್ನು ಬರಹವಾಗಿಸುವ ಆ್ಯಪ್: ಶಿರಸಿಯಲ್ಲಿ ನಾಲ್ಕು ವರ್ಷ ಬಳಸಿದ ಮೇಲೆ

ನಡುವಯಸ್ಸಿನಲ್ಲಿ ಎರಡೂ ಕಿವಿ ಮಂದವಾದಾಗ ನಾನು ಮೊದಲು ನೆಚ್ಚಿದ್ದು ಎದುರಿನವರ ತುಟಿಗಳನ್ನು. ಆದರೆ ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುವುದರಿಂದ 'ಪಾಲು' ಎಂದರೋ 'ಮಾಲು' ಎಂದರೋ ಕಣ್ಣಿಗೆ ತಿಳಿಯುವುದಿಲ್ಲ. ಕ, ಗ ಅಂತೂ ಬಾಯಿಯ ಹಿಂಭಾಗದಲ್ಲೇ ಹುಟ್ಟಿ ಹೊರಗೆ ಸುಳಿವನ್ನೇ ಕೊಡುವುದಿಲ್ಲ. ಅಡಿಕೆ ವ್ಯಾಪಾರದವನಿಗೆ ಈ ಅನುಮಾನ ಸಣ್ಣದಲ್ಲ.

2019ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯು ಕಿವುಡರಿಗಾಗಿ ಇರುವ ವಾಷಿಂಗ್ಟನ್ನಿನ ಗ್ಯಾಲಡೆಟ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ, ಕೇಳಿದ ಮಾತನ್ನು ಆಗಲೇ ಪರದೆಯ ಮೇಲೆ ಬರಹವಾಗಿ ತೋರಿಸುವ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಹೊರತಂದಿತು. ಅದೇ ಬಗೆಯ ಆ್ಯಪ್‌ಗಳು ಈಗ ಹಲವಿವೆ. ನಾನು ಬಳಸುವುದು ಬೇರೆಯದು, ಹೆಸರು ಬೇಡ. ಫೋನಿನ ಮೈಕ್ ಹಿಡಿದ ದನಿಯನ್ನು ಅದು ದೂರದ ಕಂಪ್ಯೂಟರಿಗೆ ಕಳುಹಿಸಿ ಅಕ್ಷರಗಳನ್ನು ತರಿಸಿಕೊಳ್ಳುತ್ತದೆ, ಮುಂದಿನ ಪದ ಬಂದಂತೆ ಹಿಂದಿನದನ್ನು ತಿದ್ದುತ್ತದೆ. ಕನ್ನಡದಲ್ಲಿ ಒಪ್ಪಿದರೋ ಇಲ್ಲವೋ ಎಂಬುದು ವಾಕ್ಯದ ತುದಿಯಲ್ಲಿರುವ ಕಾರಣ, ಕೊನೆಯ ಪದ ನೆಲೆಗೊಳ್ಳುವ ತನಕ ತಲೆಯಾಡಿಸಬಾರದೆಂದು ಕಲಿಯಲು ನನಗೆ ಒಂದು ಹಂಗಾಮು ಬೇಕಾಯಿತು.

ಪುಸ್ತಕದ ಕನ್ನಡವನ್ನು ಇದು ಚೆನ್ನಾಗಿ ಬಲ್ಲದು. ವೇಷ, ಕುಣಿತವಿಲ್ಲದೆ ಕುಳಿತು ನಡೆಸುವ ಯಕ್ಷಗಾನವಾದ ತಾಳಮದ್ದಳೆಯಲ್ಲಿ ಭಾಗವತರ ಪದ್ಯ ಶುರುವಾದೊಡನೆ ಪರದೆ ಹುಚ್ಚುಹುಚ್ಚಾಗಿ ಓಡಿದರೂ, ಮದ್ದಳೆ ನಿಂತು ಅರ್ಥಧಾರಿಗಳು ಮಾತಿಗಿಳಿದರೆ ಸಂಸ್ಕೃತ ತುಂಬಿದ ಉದ್ದದ ವಾಕ್ಯಗಳೂ ಬಹುಪಾಲು ಸರಿಯಾಗಿಯೇ ಮೂಡುತ್ತವೆ. ಎಷ್ಟೋ ವರ್ಷಗಳ ನಂತರ ಕೃಷ್ಣಸಂಧಾನದ ವಾದವನ್ನು ಪೂರ್ತಿ ಅನುಸರಿಸಿದ ಆ ರಾತ್ರಿಗಾಗಿಯೇ ಒಂದು ನಕ್ಷತ್ರ ಹೆಚ್ಚು ಕೊಟ್ಟಿದ್ದೇನೆ. ಮನೆಮಾತು ಮಾತ್ರ ಅದಕ್ಕೆ ಒಗ್ಗಿಲ್ಲ. 'ಆನು ತೋಟಕ್ಕೆ ಹೋಗಿ ಬತ್ತಿ' ಎಂದು, ಅಂದರೆ ನಾನು ತೋಟಕ್ಕೆ ಹೋಗಿ ಬರುತ್ತೇನೆ ಎಂದು, ಹೆಂಡತಿ ನಮ್ಮ ಹವ್ಯಕ ಕನ್ನಡದಲ್ಲಿ ಹೇಳಿದ್ದು 'ಆನೆ ತೋಟಕ್ಕೆ ಹೋಗಿ ಬತ್ತಿ' ಎಂದು ಮೂಡಿ, ನಾನು ಚಪ್ಪಲಿ ಹಾಕದೆ ಅಂಗಳಕ್ಕೆ ಓಡಿದ್ದುಂಟು. ಅಡಿಕೆಯ ಬಗೆಗಳಲ್ಲಿ ಬೆಟ್ಟೆ ಇಂದಿಗೂ ಬೆಟ್ಟವಾಗುತ್ತದೆ. ಚಾಲಿ, ರಾಶಿ ಹೇಗೋ ಪಾರಾಗುತ್ತವೆ.

ಸದ್ದಿನಲ್ಲಿ ಇದರ ಇನ್ನೊಂದು ದೌರ್ಬಲ್ಯ ಕಾಣುತ್ತದೆ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ವ್ಯಾಪಾರ ಕುದುರಿಸುವಾಗ 'ನೂರು' ಎಂದದ್ದು 'ಮೂರು' ಆಗುತ್ತದೆ, ಏಕೆಂದರೆ ಗದ್ದಲದಲ್ಲಿ ನ ಮತ್ತು ಮ ಬಹಳ ಹತ್ತಿರದ ದನಿಗಳು. ತುಟಿ ನೋಡುವವನಿಗೆ ಅಲ್ಲಿ ಗೊಂದಲವೇ ಇಲ್ಲ: ಮೂರಕ್ಕೆ ತುಟಿ ಮುಚ್ಚಬೇಕು, ನೂರಕ್ಕೆ ಮುಚ್ಚುವುದಿಲ್ಲ. ಕಣ್ಣು ಎಡವುವಲ್ಲಿ ಯಂತ್ರ ಗಟ್ಟಿ, ಯಂತ್ರ ಎಡವುವಲ್ಲಿ ಕಣ್ಣು ಗಟ್ಟಿ ಎಂಬುದು ಹೊಳೆದ ಮೇಲೆ ಫೋನನ್ನು ಮೇಜಿನ ಮೇಲಿಡುವುದನ್ನು ಬಿಟ್ಟೆ. ಎದುರಿನವರ ಗದ್ದದ ನೇರಕ್ಕೆ ಹಿಡಿದರೆ ತುಟಿ ಮತ್ತು ಅಕ್ಷರ ಒಂದೇ ನೋಟಕ್ಕೆ ಸಿಗುತ್ತವೆ. ಆರಂಭದಲ್ಲಿ ವಿಡಿಯೊ ಮಾಡುತ್ತಿದ್ದೇನೆಂದು ಕೆಲವರು ಮುಖ ತಿರುಗಿಸಿದರು. ಈಗ ಅವರೇ ಪರದೆ ಇಣುಕಿ, ತಪ್ಪು ಕಂಡರೆ ಮತ್ತೊಮ್ಮೆ ಹೇಳುತ್ತಾರೆ.

ಅಂಗಿಗೆ ಸಿಕ್ಕಿಸುವ ಸಣ್ಣ ಮೈಕನ್ನು ಮಾತನಾಡುವವರ ಕೊರಳ ಬಳಿ ಇಟ್ಟರೆ ಫಲಿತಾಂಶ ಎದ್ದು ಕಾಣುವಷ್ಟು ಸುಧಾರಿಸುತ್ತದೆ; ಹೊಸ ಫೋನಿಗಿಂತ ಮೊದಲು ಅದನ್ನು ಕೊಳ್ಳಿ. ಇಂಟರ್ನೆಟ್ ಇಲ್ಲದಿದ್ದರೆ ನನ್ನ ಆ್ಯಪ್ ಕೆಲಸ ಮಾಡುವುದಿಲ್ಲ. ಆಷಾಢದಲ್ಲಿ ಕರೆಂಟು ಹೋಗಿ, ಬೆನ್ನಿಗೇ ಟವರೂ ಹೋಗುವ ನಮ್ಮ ಊರಿನಲ್ಲಿ ಸತತ ಮೂರು ದಿನ ಹಾಗೆ ಕಳೆದದ್ದಿದೆ. ಅದಕ್ಕಾಗಿ ಜೇಬಿನಲ್ಲಿ ಈಗಲೂ ಒಂದು ಚೀಟಿ ಪುಸ್ತಕ, ಪೆನ್ಸಿಲ್ ಇರುತ್ತವೆ. ಐದಕ್ಕೆ ನಾಲ್ಕು ನಕ್ಷತ್ರ.